ಮಾಜಿ ಸೈನಿಕರ ಸಂಘ ಊರಿನ ಮಕ್ಕಳ ಕೈಹಿಡಿಯಬೇಕಾದರೆ: ಕಲಬುರಗಿ, ಬೀದರ್, ಯಾದಗಿರಿಗೆ ಒಂದು ಮಾರ್ಗದರ್ಶಿ

ಜನವರಿ 26, ಜುಲೈ 26, ಆಗಸ್ಟ್ 15, ಸೆಪ್ಟೆಂಬರ್ 17. ನಮ್ಮ ಭಾಗದ ಮಾಜಿ ಸೈನಿಕರು ಎದೆಯ ಮೇಲೆ ಪದಕ ಧರಿಸಿ ಊರಿನ ಎದುರು ನಿಲ್ಲುವ ದಿನಗಳು ಹೆಚ್ಚೂಕಡಿಮೆ ಇವಿಷ್ಟೇ. ಗಣರಾಜ್ಯೋತ್ಸವ, ಕಾರ್ಗಿಲ್ ವಿಜಯ ದಿನ, ಸ್ವಾತಂತ್ರ್ಯ ದಿನ, 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ. ಧ್ವಜವಂದನೆ, ಶಾಲು, ಹಾರ, ಫೋಟೊ. ಉಳಿದ ದಿನಗಳಲ್ಲಿ ಅದೇ ಊರಿನ ಹುಡುಗರು ಬೆಳಗಿನ ಜಾವ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಬೆಳಕಿನಲ್ಲಿ ಸೇನಾ ಭರ್ತಿಗಾಗಿ ಓಡುತ್ತಿರುತ್ತಾರೆ. ಓಡುವ ಕ್ರಮ ಹೇಳಿಕೊಡುವವರು ಯಾರೂ ಇರುವುದಿಲ್ಲ. ಅದೇ ಊರಿನಲ್ಲಿ ಯೋಧನೊಬ್ಬನ ಪತ್ನಿ ಪಿಂಚಣಿಯ ಕಾಗದ ಹಿಡಿದು ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಅದರಲ್ಲಿ ಏನು ಬರೆದಿದೆ ಎಂದು ಓದಿ ಹೇಳುವವರೂ ಇರುವುದಿಲ್ಲ.

ಈ ಎರಡೂ ಕೆಲಸ ಬಲ್ಲವರು ಅದೇ ಊರಿನಲ್ಲಿದ್ದಾರೆ ಎಂಬುದೇ ನನ್ನನ್ನು ಕಾಡುವ ಸಂಗತಿ. ಹದಿನೈದು, ಇಪ್ಪತ್ತು ವರ್ಷ ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ದುಡಿದು, ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಬಂದವರು ಅವರು. ಮೈಯಲ್ಲಿ ಶಕ್ತಿ ಇದೆ, ಕೆಲಸದಲ್ಲಿ ಶಿಸ್ತಿದೆ. ಇತ್ತ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನ ಯಾದಗಿರಿಯದು, 2025ರಲ್ಲಿ ಕಲಬುರಗಿಯದು. ತಂದೆತಾಯಿಯ ಜೊತೆ ಬೆಂಗಳೂರು, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವ ಮಕ್ಕಳು ಹಳ್ಳಿ ಹಳ್ಳಿಯಲ್ಲೂ ಇದ್ದಾರೆ. ಇಂಥ ನೆಲದಲ್ಲಿ ಮಾಜಿ ಸೈನಿಕರ ಸಂಘ ಏನು ಮಾಡಬಹುದು, ಯಾವುದನ್ನು ಮೊದಲು ಮಾಡಬೇಕು, ಯಾವುದರಿಂದ ದೂರ ಇರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇಡೀ ಲೇಖನ ನಿಂತಿರುವುದು ಒಂದೇ ಮಾತಿನ ಮೇಲೆ: ಸಂಘಕ್ಕೆ ವಾರ ವಾರವೂ ತಪ್ಪದ ಒಂದು ದಿನ, ಎಲ್ಲರಿಗೂ ಗೊತ್ತಿರುವ ಒಂದು ಜಾಗ ಇರಬೇಕು.

ಮೊದಲು ಹೆಸರಿನ ಪಟ್ಟಿ, ಆಮೇಲೆ ನೋಂದಣಿ

ಹೊಸದಾಗಿ ಸಂಘ ಕಟ್ಟುವವರು ಮೊದಲು ಲೆಟರ್‌ಹೆಡ್ ಮತ್ತು ಬ್ಯಾನರ್ ಮಾಡಿಸಲು ಓಡುತ್ತಾರೆ. ಅದನ್ನು ಬಿಟ್ಟು ಒಂದು ನೋಟ್‌ಬುಕ್ ತೆಗೆದುಕೊಂಡು ಹೋಬಳಿಯ ಹಳ್ಳಿಗಳನ್ನು ಸುತ್ತಿ ಬನ್ನಿ. ಯಾವ ಊರಿನಲ್ಲಿ ಯಾರು ನಿವೃತ್ತರಾಗಿ ಬಂದಿದ್ದಾರೆ, ಯಾವ ರೆಜಿಮೆಂಟು, ಈಗ ಏನು ಮಾಡುತ್ತಿದ್ದಾರೆ, ಯಾವ ಕೆಲಸ ಬಲ್ಲರು ಎಂದು ಬರೆದುಕೊಳ್ಳಿ. ಸಿಗ್ನಲ್ಸ್‌ನಲ್ಲಿದ್ದವರಿಗೆ ವೈರ್‌ಲೆಸ್ ಗೊತ್ತು, ವಾಹನ, ಯಂತ್ರ ದುರಸ್ತಿಯ ದಳವಾದ ಇಎಂಇಯಲ್ಲಿದ್ದವರಿಗೆ ಇಂಜಿನ್ ಗೊತ್ತು, ವೈದ್ಯಕೀಯ ದಳದ ನರ್ಸಿಂಗ್ ಸಹಾಯಕರಿಗೆ ಪ್ರಥಮ ಚಿಕಿತ್ಸೆ ಗೊತ್ತು, ಗುಮಾಸ್ತರಾಗಿದ್ದವರಿಗೆ ಕಾಗದಪತ್ರದ ಒಳಹೊರಗು ಗೊತ್ತು. ಮುಂದೆ ನಿಮ್ಮ ಬಂಡವಾಳ ಈ ಪಟ್ಟಿಯೇ.

ಪಟ್ಟಿಯಲ್ಲಿ ಯೋಧರ ಪತ್ನಿಯರ ಹೆಸರನ್ನು ಕಡ್ಡಾಯವಾಗಿ ಸೇರಿಸಿ. ಗಂಡ ತೀರಿಕೊಂಡ ಮೇಲೆ ಸಂಘದ ನಂಟೂ ಕಡಿದುಹೋಗುವುದು ನಮ್ಮ ಕಡೆ ಮಾಮೂಲಿಯಾಗಿದೆ. ಅದು ಸರಿಯಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳಿರಲಿ. ಸಿಆರ್‌ಪಿಎಫ್, ಬಿಎಸ್‌ಎಫ್‌ನಿಂದ ನಿವೃತ್ತರಾದವರನ್ನು ಸೇರಿಸಿಕೊಳ್ಳಬೇಕೇ ಎಂಬ ಚರ್ಚೆ ಹಲವು ಕಡೆ ನಡೆಯುತ್ತದೆ. ಪಿಂಚಣಿ ನಿಯಮಗಳು ಬೇರೆ ಬೇರೆ ಎಂಬುದು ನಿಜ. ಆದರೆ ಬೆಳಿಗ್ಗೆ ಮೈದಾನಕ್ಕೆ ಬರುವ ಹುಡುಗನಿಗೆ ಆ ವ್ಯತ್ಯಾಸದಿಂದ ಏನೂ ಆಗಬೇಕಾಗಿಲ್ಲ. ಸೇರಿಸಿಕೊಳ್ಳಿ ಎಂಬುದೇ ನನ್ನ ಅಭಿಪ್ರಾಯ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಸಂಘ ನೋಂದಾಯಿಸಲು ಕನಿಷ್ಠ ಏಳು ಮಂದಿ ಬೇಕು. ಅರ್ಜಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಹೋಗುತ್ತದೆ. ನೋಂದಣಿಯಾದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಎಷ್ಟೋ ಸಂಘಗಳು ಕಾಗದದ ಮೇಲೆ ಸಾಯುವುದು ಇಲ್ಲಿಯೇ. ಈ ಜವಾಬ್ದಾರಿಯನ್ನು ಅಧ್ಯಕ್ಷರಿಗೆ ಕೊಡಬೇಡಿ, ಗುಮಾಸ್ತಿಕೆ ಮಾಡಿ ಬಂದವರಿಗೆ ಕೊಡಿ.

ಜಾಗಕ್ಕಾಗಿ ಕಟ್ಟಡ ಕಟ್ಟಿಸಲು ಹೊರಡಬೇಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಮೇಜು, ಕುರ್ಚಿ, ಬೆಳಕು ಇವೆ. ಪಿಡಿಒ ಅವರಿಗೆ ಒಂದು ಪತ್ರ ಕೊಟ್ಟು ವಾರಕ್ಕೆ ಎರಡು ಗಂಟೆ ಕೇಳಿಕೊಂಡರೆ ಸಾಕು. ಪಟ್ಟಣಗಳಲ್ಲಿ ಶಾಲೆಯ ಕೋಣೆಯಾದರೂ ಆದೀತು, ಮಠದ ಸಭಾಂಗಣವಾದರೂ ಆದೀತು. ಪಕ್ಷದ ಕಚೇರಿ ಮಾತ್ರ ಬೇಡ. ಒಮ್ಮೆ ಸಂಘದ ಮೇಲೆ ಪಕ್ಷದ ಬಣ್ಣ ಬಿದ್ದರೆ ಅರ್ಧ ಊರು ಮಕ್ಕಳನ್ನು ಕಳಿಸುವುದಿಲ್ಲ.

ಕಾಗದದ ಮೇಜು: ಮನೆಯ ಕೆಲಸ ಮುಗಿಸಿ ಊರ ಕೆಲಸ

ಮಕ್ಕಳಿಗೆ ಏನಾದರೂ ಮಾಡಬೇಕು ಎಂಬ ಉತ್ಸಾಹದಲ್ಲಿ ಸಂಘದವರು ತಮ್ಮದೇ ಸದಸ್ಯರ ಕಷ್ಟವನ್ನು ಮರೆಯುವುದುಂಟು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಒಂದು ಮೇಜಿನ ಮುಂದೆ ಇಬ್ಬರು ಕುಳಿತುಕೊಳ್ಳಿ. ಬಂದವರ ಕಾಗದ ಓದಿ, ಏನು ಕೊರತೆಯಿದೆ ಎಂದು ಹೇಳಿ, ಅರ್ಜಿ ತುಂಬಿಕೊಡಿ. ಊರಿನ ನಂಬಿಕೆ ಹುಟ್ಟುವುದು ಇಂಥ ಕೆಲಸದಿಂದ.

ಮೇಜಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹೆಸರಿನವು. ಡಿಸ್ಚಾರ್ಜ್ ಬುಕ್‌ನಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು. ಮದುವೆಯಾದಾಗ ಪತ್ನಿಯ ತವರಿನ ಹೆಸರು ದಾಖಲಾಗಿದೆ, ಊರಿನಲ್ಲಿ ಕರೆಯುವುದು ಗಂಡನ ಮನೆಯ ಹೆಸರಿನಿಂದ. ಕೆಲವು ಸಲ ಮದುವೆಯ ವಿವರ ಸೇನೆಯ ದಾಖಲೆಯಾದ ಪಾರ್ಟ್ ಟೂ ಆರ್ಡರ್‌ನಲ್ಲಿ ದಾಖಲಾಗಿಯೇ ಇರುವುದಿಲ್ಲ. ಯೋಧ ಬದುಕಿರುವಾಗ ಇದು ಸಣ್ಣ ತಪ್ಪು, ತೀರಿಕೊಂಡ ಮರುದಿನದಿಂದ ಕುಟುಂಬ ಪಿಂಚಣಿಗೆ ದೊಡ್ಡ ಅಡ್ಡಿ. ಆದ್ದರಿಂದ ಸಂಘದ ಪ್ರತಿ ಸದಸ್ಯರ ಪಿಪಿಒ (ಪಿಂಚಣಿ ಆದೇಶ ಪತ್ರ), ಡಿಸ್ಚಾರ್ಜ್ ಬುಕ್, ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ಐದನ್ನೂ ಪಕ್ಕಪಕ್ಕ ಇಟ್ಟು ಹೆಸರು ಮತ್ತು ಜನ್ಮದಿನಾಂಕ ತಾಳೆ ನೋಡಿ. ವ್ಯತ್ಯಾಸವಿದ್ದರೆ ಅವರ ಸೇವಾ ದಾಖಲೆ ಇಡುವ ಸೇನೆಯ ರೆಕಾರ್ಡ್ ಆಫೀಸಿಗೆ ಇಂದೇ ಬರೆಯಿರಿ.

ರಕ್ಷಣಾ ಪಿಂಚಣಿಗಳು ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತವೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣ ಪತ್ರ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಮೊಬೈಲಿನಲ್ಲಿ ಮುಖ ತೋರಿಸಿಯೇ ಜೀವನ್ ಪ್ರಮಾಣ್ ಸಲ್ಲಿಸಬಹುದು. ನವೆಂಬರ್‌ನಲ್ಲಿ ಕಾಲೇಜು ಓದುವ ಇಬ್ಬರು ಮಕ್ಕಳಿಗೆ ಇದನ್ನು ಕಲಿಸಿ, ಮಂಚ ಹಿಡಿದ ಹಿರಿಯರ ಮನೆಗೇ ಕಳಿಸಿ. ಆ ಮಕ್ಕಳಿಗೆ ಊರಿನ ಹಿರಿಯ ಯೋಧನ ಪರಿಚಯವಾಗುತ್ತದೆ, ಆ ಅಜ್ಜನಿಗೆ ಪಿಂಚಣಿ ಉಳಿಯುತ್ತದೆ.

ಮೇಜಿನ ಮೇಲೆ ಸದಾ ಇರಬೇಕಾದ ಇನ್ನೂ ಕೆಲವು ಮಾಹಿತಿಗಳಿವೆ. ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಸಿಗುತ್ತದೆ. ಪಿಯುಸಿಯಂಥ ಅರ್ಹತಾ ಪರೀಕ್ಷೆಯಲ್ಲಿ ಶೇಕಡಾ 60 ಅಂಕ ಬೇಕು, ವೃತ್ತಿಪರ ಪದವಿಗೆ ಸೇರಿರಬೇಕು, ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಎರಡನೆಯ ವರ್ಷದಲ್ಲಿ ಸುದ್ದಿ ತಿಳಿದು ಬಂದವರನ್ನು ಬರಿಗೈಯಲ್ಲಿ ಕಳಿಸಬೇಕಾಗುತ್ತದೆ. ಹವಾಲ್ದಾರ್ ಹುದ್ದೆಯವರೆಗಿನವರ ಇಬ್ಬರು ಮಕ್ಕಳಿಗೆ ಪದವಿಯವರೆಗೆ ಸಿಗುವ ಶಿಕ್ಷಣ ನೆರವು 2025ರ ನವೆಂಬರ್‌ನಿಂದ ತಿಂಗಳಿಗೆ ತಲಾ 2,000 ರೂಪಾಯಿಗೆ ಏರಿದೆ. ಪಿಂಚಣಿ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ಸಿಗುವ ನೆರವು ತಿಂಗಳಿಗೆ 8,000 ಆಗಿದೆ. ಇವೆಲ್ಲ ಕೇಂದ್ರೀಯ ಸೈನಿಕ ಮಂಡಳಿಯ ಯೋಜನೆಗಳು. ದಾರಿ ಹೋಗುವುದು ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ.

ನಮ್ಮ ಭಾಗಕ್ಕೇ ಸೇರಿದ ಒಂದು ವಿಷಯ ಇದೆ. ತಂದೆಯ ಜೊತೆ ಪಠಾಣಕೋಟೆ, ಜೋಧಪುರ ಎಂದು ಸುತ್ತಿ ಓದಿದ ಮಕ್ಕಳು ಊರಿಗೆ ಬಂದಾಗ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯಡಿಯ ಅರ್ಹತಾ ಪ್ರಮಾಣ ಪತ್ರ ಪಡೆಯಲು ತಡಕಾಡುತ್ತಾರೆ. ಅದನ್ನು ಕೊಡುವವರು ಉಪವಿಭಾಗಾಧಿಕಾರಿ. ಸಿಇಟಿ ಸಮಯ ಬರುವ ತನಕ ಕಾಯದೆ, ಮಗು ಹತ್ತನೆಯ ತರಗತಿಯಲ್ಲಿದ್ದಾಗಲೇ ತಂದೆತಾಯಿಯ ಜನ್ಮಸ್ಥಳ ಮತ್ತು ವಾಸದ ದಾಖಲೆ ಜೋಡಿಸಿ ಅರ್ಜಿ ಹಾಕಿಸಿ.

ನಿವೃತ್ತಿಯಾದಾಗ ಒಟ್ಟಿಗೆ ಬರುವ ಹಣದ ಮೇಲೆ ವಂಚಕರ ಕಣ್ಣು ಇರುತ್ತದೆ. ‘ಪಿಂಚಣಿ ಕಚೇರಿಯಿಂದ ಮಾತನಾಡುತ್ತಿದ್ದೇವೆ, ಒಟಿಪಿ ಹೇಳಿ’ ಎಂಬ ಕರೆ ಬಂದರೆ ಫೋನ್ ಇಡಬೇಕು, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಮೈದಾನ

ಸಂಘದ ಹೃದಯ ಇರಬೇಕಾದ ಜಾಗ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಬೀದರಿನ ನೆಹರೂ ಕ್ರೀಡಾಂಗಣದಂಥವು ಜಿಲ್ಲಾ ಕೇಂದ್ರದ ಮಕ್ಕಳಿಗೆ ಸಿಗುತ್ತವೆ. ಹಳ್ಳಿಯಲ್ಲಿ ಜಾಗ ನಾವೇ ಆರಿಸಬೇಕು. ಎರೆಮಣ್ಣಿನ ಹೊಲ ಬೇಡವೇ ಬೇಡ. ಮಳೆ ಬಿದ್ದರೆ ಕಾಲು ಹೂತುಹೋಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ಹೊರಳುತ್ತದೆ. ಡಾಂಬರು ರಸ್ತೆಯೂ ಬೇಡ, ದಿನವೂ ಅದರ ಮೇಲೆ ಓಡಿದರೆ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ. ಮೊರಂ ಹಾಕಿದ ಶಾಲಾ ಮೈದಾನ ಒಳ್ಳೆಯದು. ಟೇಪು ಹಿಡಿದು ಅಳೆದು 400 ಮೀಟರಿನ ಸುತ್ತು ಗುರುತು ಮಾಡಿ, ಸುಣ್ಣ ಎಳೆಯಿರಿ. ಅಂದಾಜಿನ ಮೈಲಿಯಲ್ಲಿ ಓಡಿದ ಹುಡುಗರು ಭರ್ತಿಯ ದಿನ ಮೋಸಹೋಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಐದಕ್ಕೆ ಶುರುಮಾಡಿ ಆರೂವರೆಗೆ ಮುಗಿಸಿ.

ಅಗ್ನಿವೀರ್ (ನಾಲ್ಕು ವರ್ಷದ ಸೇವೆಯ ಸೈನಿಕ) ಸಾಮಾನ್ಯ ಸೇವೆಯ, ಅಂದರೆ ಜನರಲ್ ಡ್ಯೂಟಿಯ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5 ನಿಮಿಷ 45 ಸೆಕೆಂಡಿನೊಳಗಾದರೆ 48. ಇತ್ತೀಚೆಗೆ ಅದಕ್ಕಿಂತ ನಿಧಾನದವರಿಗೂ ಕಡಿಮೆ ಅಂಕದ ಅವಕಾಶ ಕೊಟ್ಟಿದ್ದಾರೆ. ಆದರೂ ಗುರಿ 5.30 ಇರಲಿ. ಅಂದರೆ ನಾಲ್ಕು ಸುತ್ತು, ಒಂದೊಂದು ಸುತ್ತಿಗೆ 82 ಸೆಕೆಂಡು. ನಮ್ಮ ಹುಡುಗರು ಮೊದಲ ಸುತ್ತನ್ನು 70 ಸೆಕೆಂಡಿನಲ್ಲಿ ಓಡಿ ಮೂರನೆಯ ಸುತ್ತಿನಲ್ಲಿ ಕುಸಿಯುತ್ತಾರೆ. ಸ್ಟಾಪ್‌ವಾಚ್ ಹಿಡಿದು ಪ್ರತಿ ಸುತ್ತಿನ ಸಮಯವನ್ನು ಗಟ್ಟಿಯಾಗಿ ಕೂಗಿ ಹೇಳುವ ಒಬ್ಬ ಹವಾಲ್ದಾರ್ ಅಲ್ಲಿದ್ದರೆ ಈ ಚಾಳಿ ಬೇಗ ಹೋಗುತ್ತದೆ. ವಾರಕ್ಕೆ ಎರಡು ದಿನ ನಿಧಾನದ ದೂರದ ಓಟ, ಎರಡು ದಿನ 400 ಮೀಟರಿನ ತುಂಡು ಓಟಗಳು, ಎರಡು ದಿನ ತೋಳಿನ ಶಕ್ತಿಯ ಅಭ್ಯಾಸ, ಒಂದು ದಿನ ಪೂರ್ತಿ ವಿಶ್ರಾಂತಿ. ವಿಶ್ರಾಂತಿಯ ದಿನ ಕದ್ದು ಓಡುವವರನ್ನು ತಡೆಯಿರಿ.

ಹತ್ತು ಪುಲ್‌ಅಪ್ ಎಳೆದರೆ 40 ಅಂಕ, ಆರಕ್ಕೆ ನಿಂತರೆ 16. ಓಟದಲ್ಲಿ ಮುಂದಿರುವ ಹುಡುಗರು ಸೋಲುವುದು ಇಲ್ಲಿ. ಎರಡು ಕಂಬಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ಹಾಕಿಸಲು ಊರಿನ ವೆಲ್ಡಿಂಗ್ ಅಂಗಡಿಯವರೇ ಸಾಕು. ಒಂಬತ್ತು ಅಡಿ ಕಂದಕ ಜಿಗಿಯುವುದು ಮತ್ತು ಅಂಕುಡೊಂಕಾದ ಹಲಗೆಯ ಮೇಲೆ ನಡೆಯುವುದಕ್ಕೆ ಅಂಕವಿಲ್ಲ, ಪಾಸಾಗಲೇಬೇಕು ಅಷ್ಟೇ. ಹೊಸದಾಗಿ ಬರುವವರ ಎತ್ತರವನ್ನು ಮೊದಲ ದಿನವೇ ಅಳೆಯಿರಿ. ಸಾಮಾನ್ಯ ಸೇವೆಗೆ ಕರ್ನಾಟಕದ ಅಭ್ಯರ್ಥಿಗೆ 166 ಸೆಂಟಿಮೀಟರ್ ಬೇಕು, ಎದೆ 77 ಇದ್ದು 5 ಸೆಂಟಿಮೀಟರ್ ಹಿಗ್ಗಬೇಕು. 161 ಇರುವ ಇಪ್ಪತ್ತರ ಯುವಕನನ್ನು ಒಂದು ವರ್ಷ ಓಡಿಸಿ ಕೊನೆಗೆ ಎತ್ತರ ಸಾಲದು ಎಂದು ಹೇಳುವುದು ಕ್ರೌರ್ಯ. ಅವನಿಗೆ ಮೊದಲ ದಿನವೇ ಬೇರೆ ದಾರಿ ತೋರಿಸಬೇಕು.

ಊಟದ ಬಗ್ಗೆ ಕೇಳುತ್ತಾರೆ. ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿಗೆ ಸಾವಿರಾರು ರೂಪಾಯಿ ಸುರಿಯಬೇಡಿ ಎಂದು ತಂದೆತಾಯಿಗೆ ಹೇಳಿ. ಜೋಳದ ರೊಟ್ಟಿ, ನಮ್ಮ ತೊಗರಿಯ ಬೇಳೆ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಳಕೆ ಕಾಳು, ತಿನ್ನುವವರಾದರೆ ಮೊಟ್ಟೆ. ಇದಕ್ಕಿಂತ ಒಳ್ಳೆಯ ಊಟ ಯಾವ ಡಬ್ಬಿಯಲ್ಲೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದ ಹಿಮೋಗ್ಲೋಬಿನ್ ನೋಡಿಸಿ, ಕಿವಿಯ ಗುಗ್ಗೆ ತೆಗೆಸಿ, ಹುಳುಕು ಹಲ್ಲು ತೋರಿಸಿ, ಬಣ್ಣ ಗುರುತಿಸುವ ಶಕ್ತಿ ಪರೀಕ್ಷಿಸಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಹುಡುಗರಿಗೆ ಮೊದಲೇ ಎಚ್ಚರಿಕೆ ಕೊಡಿ. ಸೇನೆ ಹಚ್ಚೆಯನ್ನು ಒಪ್ಪುವುದು ಮುಂಗೈಯ ಒಳಭಾಗದಂಥ ಕೆಲವೇ ಜಾಗಗಳಲ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇನೆ. ಈಗ ಓಟಕ್ಕಿಂತ ಮೊದಲು ಪರೀಕ್ಷೆ ಇದೆ. ಆನ್‌ಲೈನ್‌ನಲ್ಲಿ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ ಪಾಸಾದವರನ್ನು ಮಾತ್ರ ರ‍್ಯಾಲಿಗೆ ಕರೆಯುತ್ತಾರೆ. ಸಾಮಾನ್ಯ ಸೇವೆಗೆ ಒಂದು ಗಂಟೆ, 50 ಪ್ರಶ್ನೆ, 100 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತ. ಸಾಮಾನ್ಯ ಜ್ಞಾನ, ವಿಜ್ಞಾನ, ಗಣಿತ, ತರ್ಕ ಕೇಳುತ್ತಾರೆ. 2025ರಿಂದ ಇದನ್ನು ಕನ್ನಡದಲ್ಲೇ ಬರೆಯಬಹುದು. ಇದು ನಮ್ಮ ಮಕ್ಕಳಿಗೆ ತೆರೆದ ದೊಡ್ಡ ಬಾಗಿಲು, ಆದರೆ ಎಷ್ಟೋ ಮಂದಿಗೆ ಇದರ ಅರಿವೇ ಇಲ್ಲ. ಮೈದಾನ ಮುಗಿದ ಮೇಲೆ ಒಂದು ಗಂಟೆ ಗಣಿತ ಮತ್ತು ವಿಜ್ಞಾನದ ಅಭ್ಯಾಸ ಇಡದ ಸಂಘ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಊರಿನ ಪ್ರೌಢಶಾಲೆಯ ಒಬ್ಬ ಶಿಕ್ಷಕರು, ಒಬ್ಬ ಶಿಕ್ಷಕಿ ವಾರಕ್ಕೆ ಎರಡು ದಿನ ಬಂದರೆ ಈ ತರಗತಿ ನಡೆಯುತ್ತದೆ. ಹತ್ತನೆಯಲ್ಲಿ ಒಟ್ಟು ಶೇಕಡಾ 45, ಪ್ರತಿ ವಿಷಯದಲ್ಲಿ 33 ಅಂಕ ಇರಲೇಬೇಕು ಎಂಬ ನಿಯಮವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೇ ಹೇಳಿಬಿಡಿ. ಸೇನೆಯ ಆಸೆಯಿಂದಲಾದರೂ ಪುಸ್ತಕ ಹಿಡಿಯುವ ಹುಡುಗರು ಇದ್ದಾರೆ.

ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳು ಬೆಳಗಾವಿಯ ಸೇನಾ ಭರ್ತಿ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅಧಿಸೂಚನೆಯನ್ನು ಸೇನೆಯ ಅಧಿಕೃತ ಭರ್ತಿ ಜಾಲತಾಣದಲ್ಲಿ ಮಾತ್ರ ನೋಡಿ. ಕನಿಷ್ಠ ವಯಸ್ಸು ಹದಿನೇಳೂವರೆ. ಮೇಲಿನ ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ಓದಿ. ನಾಡಕಚೇರಿಯ ಜಾತಿ ಮತ್ತು ವಾಸಸ್ಥಳ ಪ್ರಮಾಣ ಪತ್ರ, ಆರು ತಿಂಗಳೊಳಗಿನ ನಡತೆ ಪ್ರಮಾಣ ಪತ್ರ, ಅವಿವಾಹಿತ ಪ್ರಮಾಣ ಪತ್ರ ಮುಂಚೆಯೇ ಸಿದ್ಧವಿರಲಿ. ಅಂಕಪಟ್ಟಿಯಲ್ಲಿ ‘ಶರಣಬಸಪ್ಪ’, ಆಧಾರ್‌ನಲ್ಲಿ ‘ಶರಣಪ್ಪ’ ಎಂದಿದ್ದು ಭರ್ತಿಯ ಬಾಗಿಲಲ್ಲಿ ನಿಂತು ಅಳುವ ಪರಿಸ್ಥಿತಿ ಯಾವ ಮಗುವಿಗೂ ಬರಬಾರದು. ಇದಕ್ಕೂ ಭಾನುವಾರದ ಮೇಜೇ ಮದ್ದು.

‘ಮೇಲಿನ ಅಧಿಕಾರಿ ನನಗೆ ಗೊತ್ತು, ಎರಡು ಲಕ್ಷ ಕೊಟ್ಟರೆ ಭರ್ತಿ ಮಾಡಿಸುತ್ತೇನೆ’ ಎನ್ನುವವರು ಪ್ರತಿ ತಾಲ್ಲೂಕಿನಲ್ಲೂ ಕಾಣಿಸಿಕೊಳ್ಳುತ್ತಾರೆ. ಹೊಲ ಮಾರಿ ಕೊಟ್ಟ ತಂದೆಯರಿದ್ದಾರೆ. ಸಂಘ ತಿಂಗಳಿಗೊಮ್ಮೆ ಪೋಷಕರನ್ನು ಮೈದಾನಕ್ಕೇ ಕರೆದು, ಭರ್ತಿಗೆ ಹಣ ಬೇಕಾಗಿಲ್ಲ ಎಂದು ಸಾರಬೇಕು. ಸಂಘದ ಸದಸ್ಯರೇ ತರಬೇತಿಗೆ ಶುಲ್ಕ ವಸೂಲಿ ಮಾಡುವುದನ್ನೂ ನಾನು ಒಪ್ಪುವುದಿಲ್ಲ. ಚೆಂಡು, ಹಗ್ಗ, ಸುಣ್ಣಕ್ಕೆ ಬೇಕಾದ ದುಡ್ಡನ್ನು ಊರಿನಿಂದ ಬಹಿರಂಗವಾಗಿ ಪಡೆಯಿರಿ, ಮಕ್ಕಳಿಂದ ಬೇಡ.

ಹುಡುಗಿಯರಿಗೆ ಪ್ರತ್ಯೇಕ ಸಮಯ, ಜೊತೆಗೊಬ್ಬ ಹಿರಿಯ ಹೆಣ್ಣುಮಗಳು ಇರಲಿ. ಸೇನಾ ಪೊಲೀಸ್ ದಳಕ್ಕೆ ಮಹಿಳಾ ಅಗ್ನಿವೀರರನ್ನು ತೆಗೆದುಕೊಳ್ಳುತ್ತಾರೆ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಮಹಿಳೆಯರು 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದಲ್ಲಿ ಓಡಿದರೆ ಸಾಕು, ಪುರುಷರು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಓಡಬೇಕು. ಆ ಪರೀಕ್ಷೆಯೂ 2024ರಿಂದ ಕನ್ನಡದಲ್ಲಿದೆ. ರಾಜ್ಯ ಪೊಲೀಸ್ ಭರ್ತಿಗೂ ಇದೇ ಮೈದಾನ ಸಾಕಾಗುತ್ತದೆ. ‘ಮಗಳು ಚಡ್ಡಿ ಹಾಕಿ ಓಡುವುದೇ’ ಎಂದು ಅನುಮಾನಿಸುವ ತಾಯಂದಿರಿಗೆ ಸಲ್ವಾರ್‌ನಲ್ಲೇ ಓಡಲಿ ಎಂದು ಹೇಳಿ. ಒಬ್ಬಳು ಸಮವಸ್ತ್ರ ಹಾಕಿ ಊರಿಗೆ ಬಂದಳೆಂದರೆ ಮುಂದಿನ ವರ್ಷ ಯಾರನ್ನೂ ಕರೆಯುವ ಅಗತ್ಯ ಬೀಳುವುದಿಲ್ಲ.

ಸಣ್ಣ ಮಕ್ಕಳಿಗೆ ದಾರಿ ಬೇರೆ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ, ಕೊಡಗಿನಲ್ಲೂ ಒಂದಿದೆ, ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ಸೈನಿಕ ಶಾಲೆಯ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಒಂಬತ್ತನೆಯದು ಇಂಗ್ಲಿಷಿನಲ್ಲಿ ಮಾತ್ರ. ಆದ್ದರಿಂದ ಕನ್ನಡ ಶಾಲೆಯ ಮಗುವಿಗೆ ಸುಲಭದ ಅವಕಾಶ ಹತ್ತರಿಂದ ಹನ್ನೆರಡರ ವಯಸ್ಸಿನಲ್ಲೇ ಬಂದು ಹೋಗುತ್ತದೆ. ಈಗ ಹುಡುಗಿಯರಿಗೂ ಪ್ರವೇಶವಿದೆ. ಔರಾದ್, ಚಿಂಚೋಳಿ, ಗುರುಮಠಕಲ್‌ನ ಸರ್ಕಾರಿ ಶಾಲೆಗಳ ಐದನೆಯ ತರಗತಿಯ ಶಿಕ್ಷಕರಿಗೆ ಈ ಸುದ್ದಿ ಮುಟ್ಟಿಸುವ ಕೆಲಸವನ್ನು ಸಂಘ ಮಾಡಬೇಕು.

ಶಾಲೆಯೊಳಗೆ ಏನು ಹೇಳಬೇಕು

ಬೀದರಿನ ಮಕ್ಕಳು ವಾಯುಪಡೆ ನೆಲೆಯಿಂದ ಏರುವ ಹಾಕ್ ತರಬೇತಿ ವಿಮಾನಗಳ ಸದ್ದಿಗೆ ತಲೆಯೆತ್ತಿ ನೋಡುತ್ತಲೇ ಬೆಳೆಯುತ್ತಾರೆ. ಅವರಿಗೆ ಕುತೂಹಲ ಹುಟ್ಟಿಸುವ ಕೆಲಸ ಉಳಿದಿಲ್ಲ. ಶಾಲೆಗೆ ಹೋದಾಗ ಯುದ್ಧದ ಕಥೆಗಿಂತ ಕೈಗೆ ಹತ್ತುವ ವಿದ್ಯೆ ಕಲಿಸಿ: ದಿಕ್ಸೂಚಿ ಹಿಡಿದು ನಕ್ಷೆ ಓದುವುದು, ಗಂಟು ಹಾಕುವುದು, ರಕ್ತ ನಿಲ್ಲಿಸುವುದು, ಎದೆ ಒತ್ತಿ ಉಸಿರು ಮರಳಿಸುವುದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, 108 ಕರೆದು ಆಸ್ಪತ್ರೆಗೆ ಸಾಗಿಸಬೇಕು ಎಂದು ಮಗು ಕಲಿತರೆ ಮನೆಯವರೂ ಕಲಿಯುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯ ಒಪ್ಪಿಗೆ ಪಡೆದು, ಮುಖ್ಯಶಿಕ್ಷಕರ ಎದುರಿನಲ್ಲೇ ತರಗತಿ ನಡೆಸಿ. ಎನ್‌ಸಿಸಿ ಇರುವ ಕಾಲೇಜಾದರೆ ಕೆಡೆಟ್‌ಗಳಿಗೆ ‘ಸಿ’ ಪ್ರಮಾಣ ಪತ್ರದ ಬೆಲೆ ಹೇಳಿ. ಭರ್ತಿಯಲ್ಲಿ ಅದಕ್ಕೆ ವಿಶೇಷ ಅಂಕವಿದೆ.

ಬೇರೆ ದೇಶದ ಒಂದು ಮಾದರಿಯನ್ನು ಇಲ್ಲಿ ನೆನೆಯಬೇಕು. 1919ರಲ್ಲಿ ಹುಟ್ಟಿದ ಅಮೆರಿಕನ್ ಲೀಜನ್ ಎಂಬ ಮಾಜಿ ಯೋಧರ ಸಂಘಟನೆ 1925ರಲ್ಲಿ ಹುಡುಗರಿಗಾಗಿ ಬೇಸ್‌ಬಾಲ್ ಶುರುಮಾಡಿತು. 1935ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳೇ ಚುನಾವಣೆ ನಡೆಸಿ, ಸರ್ಕಾರ ರಚಿಸಿ ಆಡಳಿತ ಕಲಿಯುವ ಶಿಬಿರಗಳನ್ನು ಆರಂಭಿಸಿತು. 1938ರಲ್ಲಿ ತಮ್ಮ ದೇಶದ ಸಂವಿಧಾನದ ಮೇಲೆ ಭಾಷಣ ಸ್ಪರ್ಧೆ ಹುಟ್ಟುಹಾಕಿತು. ಈ ಮೂರೂ ಇಂದಿಗೂ ನಡೆಯುತ್ತಿವೆ. ಸೇನೆಯಲ್ಲಿ ದುಡಿದವರು ಮಕ್ಕಳಿಗೆ ಮತ ಹಾಕುವುದನ್ನು, ಮಾತನಾಡುವುದನ್ನು ಕಲಿಸಲು ಹೊರಟರು ಎಂಬುದು ನನಗೆ ತುಂಬಾ ಹಿಡಿಸಿದ ವಿಚಾರ.

ನಮ್ಮಲ್ಲಿ ಇದಕ್ಕೆ ಚೌಕಟ್ಟು ಆಗಲೇ ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಹಲವು ಕಡೆ ಅದು ಅರ್ಧ ಗಂಟೆಯ ಫೋಟೊ ಕಾರ್ಯಕ್ರಮವಾಗಿ ಮುಗಿಯುತ್ತದೆ. ಸಭೆಗೆ ಎರಡು ವಾರ ಮೊದಲು ಸಂಘದವರು ಶಾಲೆಗೆ ಹೋಗಿ ಮಕ್ಕಳ ಜೊತೆ ಕುಳಿತು ಪ್ರಶ್ನೆಗಳನ್ನು ಬರೆಸಲಿ. ಶೌಚಾಲಯಕ್ಕೆ ನೀರು ಏಕಿಲ್ಲ, ಬಸ್ಸು ಏಕೆ ಶಾಲೆಯ ಸಮಯಕ್ಕೆ ಬರುವುದಿಲ್ಲ, ಮೈದಾನದಲ್ಲಿ ಯಾರ ಬಣವೆ ಒಟ್ಟಿದೆ. ಸಭೆಯಲ್ಲಿ ಮಕ್ಕಳೇ ಕೇಳಲಿ. ಮೂರು ತಿಂಗಳ ನಂತರ ಸಂಘ ಪಿಡಿಒ ಅವರ ಬಳಿ ಹೋಗಿ ಏನಾಯಿತು ಎಂದು ವಿಚಾರಿಸಲಿ. ನವೆಂಬರ್ 26ರ ಸಂವಿಧಾನ ದಿನಕ್ಕೆ ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆ ಇಡಿ. ಬೀದರಿನಂಥ ಕಡೆ ಮನೆಯಲ್ಲಿ ಉರ್ದು, ಮರಾಠಿ, ತೆಲುಗು ಆಡುವ ಮಕ್ಕಳಿರುವುದರಿಂದ ಅವರವರ ಭಾಷೆಯಲ್ಲಿ ಮಾತನಾಡಲು ಬಿಡಿ. ಬಹುಮಾನವಾಗಿ ಪುಸ್ತಕ ಕೊಡಿ, ಪ್ಲಾಸ್ಟಿಕ್ ಕಪ್ ಬೇಡ.

ಮೈದಾನಕ್ಕೆ ಬರುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದರೆ ಮನೆಗೆ ಹೋಗಿ ವಿಚಾರಿಸಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ‘ಫೌಜಿ ಕಾಕಾ’ ಬಂದು ಕೇಳಿದರು ಎಂಬ ಕಾರಣಕ್ಕೇ ಮದುವೆ ಮುಂದಕ್ಕೆ ಹೋಗುವ ಸಾಧ್ಯತೆ ಇದೆ. ಕುಡಿತಕ್ಕೆ, ಗಾಂಜಾಕ್ಕೆ ಬಿದ್ದ ಹುಡುಗನಿಗೆ ಬಯ್ಯುವ ಬದಲು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಜೊತೆಯಲ್ಲಿ ಕುಳಿತು ಮಾತನಾಡಿಸಿ. ಭರ್ತಿಯಲ್ಲಿ ಸೋತು ಮಂಕಾಗಿ ಕುಳಿತವರಿಗೆ 14416ರ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ.

ನೆರೆ ಮತ್ತು ಸಿಡಿಲು

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಅಫಜಲಪುರ, ಜೇವರ್ಗಿಯ ಭೀಮಾ ತೀರದ ಹಳ್ಳಿಗಳಿಗೆ ನೀರು ನುಗ್ಗುತ್ತದೆ. ನಾರಾಯಣಪುರದ ಬಸವಸಾಗರದಿಂದ ಬಿಟ್ಟರೆ ಸುರಪುರ, ಶಹಾಪುರ ತಾಲ್ಲೂಕಿನ ಕೃಷ್ಣಾ ತೀರ ಮುಳುಗುತ್ತದೆ, ನೀಲಕಂಠರಾಯನಗಡ್ಡಿಯ ಜನ ನಡುಗಡ್ಡೆಯಲ್ಲಿ ಸಿಕ್ಕಿಬೀಳುತ್ತಾರೆ. ನದಿ ತೀರದ ಸಂಘಗಳು ಮೇ ತಿಂಗಳೊಳಗೆ ಮೂರು ಕೆಲಸ ಮುಗಿಸಿರಬೇಕು. ಒಬ್ಬಂಟಿ ವೃದ್ಧರು, ಗರ್ಭಿಣಿಯರು, ಅಂಗವಿಕಲರ ಮನೆಗಳ ಪಟ್ಟಿ. ತಹಶೀಲ್ದಾರರಿಗೆ ಆ ಪಟ್ಟಿಯ ಪ್ರತಿ. ಹಗ್ಗ, ಟಾರ್ಚು, ಟ್ರ್ಯಾಕ್ಟರ್ ಯಾರ ಬಳಿ ಇದೆ ಎಂಬ ಮಾಹಿತಿ. ನೀರಿಗೆ ಇಳಿಯುವ ಸಾಹಸ ತರಬೇತಿ ಪಡೆದವರಿಗೇ ಇರಲಿ. ಆಪದ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ ತರಬೇತಿ ಸಿಗುತ್ತದೆ, ಮೈದಾನದ ಹಿರಿಯ ಹುಡುಗರನ್ನು ಅದಕ್ಕೆ ಕಳಿಸಿ.

ಸಿಡಿಲು ನಮ್ಮಲ್ಲಿ ಮುಂಗಾರಿಗೂ ಮುಂಚೆಯೇ ಜೀವ ತೆಗೆಯುತ್ತದೆ. ಹೊಲದಲ್ಲಿ ಮಳೆ ಬಂದರೆ ಬೇವಿನ ಮರದ ಕೆಳಗೆ ನಿಲ್ಲುವುದೇ ರೂಢಿ, ಅದೇ ಅಪಾಯ. ರಾಜ್ಯದ ‘ಸಿಡಿಲು’ ಆ್ಯಪ್ ಅನ್ನು ಕುರಿಗಾಹಿಗಳ ಮೊಬೈಲಿಗೆ ಹಾಕಿಕೊಡಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಬಹುದು, ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಬೇಕು ಎಂದು ಎಲ್ಲರಿಗೂ ಹೇಳಿ.

ದುಡ್ಡು

ಪ್ರತಿ ರೂಪಾಯಿಗೂ ರಸೀದಿ, ತಿಂಗಳಿಗೊಮ್ಮೆ ಅರಿವು ಕೇಂದ್ರದ ಗೋಡೆಗೆ ಲೆಕ್ಕ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಯ ನಿಧಿ 1949ರಿಂದ ನಡೆದುಬಂದ ಸರ್ಕಾರಿ ನಿಧಿ. ಅದರ ಹೆಸರಿನಲ್ಲಿ ಸಂಘ ತನ್ನದೇ ರಸೀದಿ ಹರಿಯಬಾರದು. ಸೈನಿಕ ಕಲ್ಯಾಣ ಇಲಾಖೆ ಕೊಟ್ಟ ಧ್ವಜಗಳನ್ನು ಹಂಚಿ, ಬಂದ ಹಣವನ್ನು ಹಾಗೆಯೇ ಅಲ್ಲಿಗೆ ತಲುಪಿಸಿ.

ನಾಲ್ಕು ವರ್ಷ ಮುಗಿಸಿ ಬರುವವರಿಗಾಗಿ

ಮೈದಾನಕ್ಕೆ ಬರುವ ಪ್ರತಿಯೊಬ್ಬರಿಗೂ ನಿಜವನ್ನು ಹೇಳಿಯೇ ಓಡಿಸಬೇಕು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಸೇನೆಯಲ್ಲಿ ಉಳಿಯುವವರು ಶೇಕಡಾ 25ರವರೆಗೆ. ಹೊರಬರುವವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಸಿಗುತ್ತದೆ. ಪಿಂಚಣಿ ಇಲ್ಲ, ಮಾಜಿ ಸೈನಿಕರ ಇಸಿಎಚ್‌ಎಸ್ ವೈದ್ಯಕೀಯ ಸೌಲಭ್ಯ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ಕೇಂದ್ರ ಸಶಸ್ತ್ರ ಪಡೆಗಳಲ್ಲಿ ಅವರಿಗೆ ಮೀಸಲು ಇದೆ. ಇದನ್ನೆಲ್ಲ ತಿಳಿದೂ ಹೋಗುತ್ತೇನೆ ಎನ್ನುವವರನ್ನು ಮನಸಾರೆ ಹುರಿದುಂಬಿಸಿ. ಹೋಗುವ ಮೊದಲು ಪಿಯುಸಿ ಮುಗಿಸಿಕೊಳ್ಳಲು ಹೇಳಿ.

ಸೇನೆಯ ಮೊದಲ ತಂಡದ ಅಗ್ನಿವೀರರ ನಾಲ್ಕು ವರ್ಷ 2026ರ ಕೊನೆಯಿಂದ ತುಂಬತೊಡಗುತ್ತದೆ. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿನಲ್ಲಿ, ಕೈಯಲ್ಲಿ ದುಡ್ಡು ಹಿಡಿದು ಅವರು ಊರಿಗೆ ಬರುತ್ತಾರೆ. ಹೆಚ್ಚಿನ ಸಂಘಗಳ ನಿಯಮಾವಳಿಯಲ್ಲಿ ಸದಸ್ಯತ್ವ ‘ಮಾಜಿ ಸೈನಿಕರಿಗೆ’ ಎಂದಷ್ಟೇ ಇರುವುದರಿಂದ ಅವರನ್ನು ಸೇರಿಸಿಕೊಳ್ಳಲು ತೊಡಕಾಗುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲೇ ತಿದ್ದುಪಡಿ ತಂದು, ‘ಸೇವೆ ಮುಗಿಸಿದ ಅಗ್ನಿವೀರರು’ ಎಂಬ ಪದಗಳನ್ನು ಸೇರಿಸಿ, ನೋಂದಣಾಧಿಕಾರಿಗೆ ಸಲ್ಲಿಸಿ. ಊರಿಗೆ ಬಂದ ವಾರದೊಳಗೆ ಅವರ ಮನೆಗೆ ಹೋಗಿ, ಸೇವಾ ನಿಧಿಯನ್ನು ಚೀಟಿ ವ್ಯವಹಾರಕ್ಕೋ ಮದುವೆಗೋ ಪೂರ್ತಿ ಸುರಿಯದಂತೆ ತಂದೆತಾಯಿಯ ಎದುರಿನಲ್ಲೇ ಮಾತನಾಡಿ. ಮುಂದಿನ ಭರ್ತಿಯ ಅಧಿಸೂಚನೆಗಳ ಪಟ್ಟಿ ಕೊಡಿ, ಮತ್ತು ಮರುದಿನ ಬೆಳಿಗ್ಗೆ ಐದಕ್ಕೆ ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿಯುವ ಕೆಲಸವನ್ನು ಅವರಿಗೇ ಒಪ್ಪಿಸಿ.